ಮಾವನ ಬೋಟು, ಅಳಿಯನ ರಸಮಟ್ಟ

"ಬೋಟು ಅಂದ್ರೆ ಏನು? ಸ್ವಲ್ಪ ದೊಡ್ಡ ಚಿತ್ರ. ಟ್ರೇಲರ್ ಅಂದ್ರೆ ಏನು? ಚಕ್ರ ಇರೋ ಗೋಡೆ. ಗೋಡೆ ಮೇಲೆ ಚಿತ್ರ ಕೂರಿಸೋದನ್ನ ನನಗೆ ಯಾರಾದ್ರೂ ಹೇಳಿಕೊಡಬೇಕಾ?"

ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು, ಅರ್ಧ ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು, ಫ್ರೇಮಣ್ಣ ಈ ಘೋಷಣೆ ಹೊರಡಿಸಿದ. ಬಾಗಿಲಾಚೆ ಕಾರಿನ ಕೀಲಿಕೈ ಹುಡುಕುತ್ತಿದ್ದ ಹೆಂಡತಿ, "ಮೊದಲು ಆ ಕನ್ನಡಿ ಬಿಟ್ಟು ಬನ್ನಿ, ಹೊತ್ತಾಯ್ತು" ಎಂದಳು. ಅಷ್ಟರಲ್ಲಿ ಅವನು ಕನ್ನಡಿಯನ್ನು ಎಡಕ್ಕೆ ಒಂದು ಕೂದಲೆಳೆಯಷ್ಟು ಸರಿಸಿ, ಮನಸ್ಸು ಬದಲಾಯಿಸಿ, ಬಲಕ್ಕೆ ಅರ್ಧ ಕೂದಲೆಳೆಯಷ್ಟು ವಾಪಸು ತಂದಿದ್ದ.

ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ ಅವನದು. ಹಾಗಾಗಿ ಬಂಧುಬಳಗಕ್ಕೆಲ್ಲ ಅವನು ಫ್ರೇಮಣ್ಣ. ಬೇರೆಯವರು ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಳ್ಳುವ ಹಾಗೆ ಅವನು ರಸಮಟ್ಟ ಇಟ್ಟುಕೊಳ್ಳುತ್ತಿದ್ದ. ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ. ಗುಳ್ಳೆ ನಡುಮಧ್ಯ ನಿಂತರೆ ಲೋಕ ಸಮತಟ್ಟಾಗಿದೆ, ಇಲ್ಲದಿದ್ದರೆ ಲೋಕದ ಗ್ರಹಚಾರ ಕೆಟ್ಟಿದೆ. ಯಾರ ಮನೆಗೆ ಹೋದರೂ ಮೊದಲು ಒಂದು ಕಣ್ಣು ಮುಚ್ಚಿ ಗೋಡೆ ನೋಡುತ್ತಿದ್ದ, ಆಮೇಲೆ ಮನೆಯವರನ್ನು ಮಾತಾಡಿಸುತ್ತಿದ್ದ. ಒಮ್ಮೆ ಆಸ್ಪತ್ರೆಯಲ್ಲಿ ಜ್ವರ ಬಂದು ಮಲಗಿದ್ದಾಗ ನರ್ಸನ್ನು ಕರೆದು, ನೀರು ಕೇಳುವ ಬದಲು, ಎದುರಿನ ಕ್ಯಾಲೆಂಡರನ್ನು ನೆಟ್ಟಗೆ ಮಾಡಿಸಿಕೊಂಡ ಮಹಾನುಭಾವ.

ಇಂಥವನ ಆಟ ಒಂದು ಮನೆಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ಅದು ಮಾವನ ಮನೆ. ಮದುವೆಯಾದ ಹೊಸದರಲ್ಲಿ ಅವನು ಒಂದು ಕೆರೆಯ ಚಿತ್ರಕ್ಕೆ ತನ್ನ ಕೈಯಾರೆ ಚೌಕಟ್ಟು ಹಾಕಿ ಮಾವನಿಗೆ ಕೊಟ್ಟಿದ್ದ. ಮಾವ ಅದನ್ನು ಹಜಾರದಲ್ಲೇ ತೂಗುಹಾಕಿದರು, ಆದರೆ ಸೊಟ್ಟಗೆ. ಕೆರೆಯ ನೀರೆಲ್ಲ ಬಲಗಡೆಯಿಂದ ಸುರಿದುಹೋಗಬೇಕು, ಅಷ್ಟು ಸೊಟ್ಟ. ಪ್ರತಿ ಭೇಟಿಯಲ್ಲೂ ಫ್ರೇಮಣ್ಣ ಅದನ್ನು ನೆಟ್ಟಗೆ ಮಾಡುತ್ತಿದ್ದ. ಮುಂದಿನ ಸಲ ಹೋದರೆ ಮತ್ತೆ ಸೊಟ್ಟ. ಮಾವನಿಗೆ ತನ್ನ ಕೆಲಸ ಹಿಡಿಸಿಲ್ಲ, ತಾನೂ ಹಿಡಿಸಿಲ್ಲ ಎಂದು ಅವನಿಗೆ ಒಳಗೊಳಗೇ ಕೊರಗು. ಆ ಮನುಷ್ಯನ ಬಾಯಿಂದ "ಸರಿಯಾಗಿದೆ" ಎಂಬ ಒಂದು ಮಾತು ಕೇಳಿದರೆ ಸಾಕು, ಜನ್ಮ ಸಾರ್ಥಕ ಎಂದುಕೊಂಡಿದ್ದ.

ಆ ಅವಕಾಶ ಈಗ ಬಂದಿತ್ತು. ಮಾವ ಹಲಗೆ ಹಲಗೆ ಜೋಡಿಸಿ ತಾವೇ ಕಟ್ಟಿದ ಬೋಟೊಂದಿತ್ತು, ಹಿಂಭಾಗದಲ್ಲಿ ದಪ್ಪ ಎಂಜಿನ್ ಇದ್ದದ್ದು. ಮಂಡಿ ಕೈಕೊಟ್ಟ ಮೇಲೆ ಅವರಿಂದ ಅದನ್ನು ನಡೆಸಲಾಗುತ್ತಿರಲಿಲ್ಲ. ಊಟದ ಮೇಜಿನಲ್ಲಿ ಒಂದು ದಿನ ಚಮಚ ಕೆಳಗಿಟ್ಟು, "ಕೆರೆಯಿಂದ ತಂದು, ಟ್ರೇಲರ್ ಮೇಲೆ ಸರಿಯಾಗಿ ಕೂರಿಸಿ, ನನ್ನ ಶೆಡ್ಡಿಗೆ ಸೇರಿಸಿದವರಿಗೆ ಬೋಟು. ಇಬ್ಬರು ಅಳಿಯಂದಿರು ಇದೀರಿ, ನೋಡೋಣ" ಎಂದಿದ್ದರು.

ಹಿರಿಯಳಿಯ ಹಲ್ಲಿನ ಡಾಕ್ಟರು ಕಳೆದ ಭಾನುವಾರವೇ ಪ್ರಯತ್ನಿಸಿ ಬೋಟನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಕೂರಿಸಿದ್ದರು. ದಡದ ಮೇಲೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಮಾವ, "ಹಲ್ಲನ್ನೂ ಹೀಗೇ ಕೂರಿಸ್ತೀಯೇನಪ್ಪ?" ಎಂದು ಕೇಳಿ ಎದ್ದುಹೋಗಿದ್ದರು. ಬೋಟು ಮತ್ತೆ ನೀರಿಗಿಳಿದಿತ್ತು. ಈ ಭಾನುವಾರ ಫ್ರೇಮಣ್ಣನ ಸರದಿ. ಮಾವ ಈ ಸಲ ಕೆರೆಗೆ ಬರುವುದಿಲ್ಲ, ಮನೆಯಲ್ಲೇ ಕಾಯುತ್ತೇನೆ ಎಂದಿದ್ದರು. ಅವರ ಬದಲು ಹಲ್ಲಿನ ಡಾಕ್ಟರೇ ತಮ್ಮ ಕಾರಿನಲ್ಲಿ ಕೆರೆಗೆ ಬಂದು, ಕೈಯಲ್ಲಿ ಮೊಬೈಲ್ ಹಿಡಿದು, ನೆರಳು ನೋಡಿ ನಿಂತಿದ್ದರು.

"ಸಹಾಯಕ್ಕೆ ಬಂದ್ರಾ?" ಎಂದು ಫ್ರೇಮಣ್ಣ ಕೇಳಿದ.

"ಸಂತೋಷಕ್ಕೆ ಬಂದೆ" ಎಂದರು ಷಡ್ಡಕ.

ಇನ್ನು ಹೆಂಡತಿಯ ವಿಷಯ. ಆಕೆ ಸಿಟಿ ಬಸ್ಸಿನ ಡ್ರೈವರು. ಎರಡು ಮನೆಯಷ್ಟು ಉದ್ದದ ಬಸ್ಸನ್ನು ಗಲ್ಲಿಯಲ್ಲಿ ತಿರುಗಿಸುವವಳಿಗೆ ಟ್ರೇಲರ್ ಯಾವ ಲೆಕ್ಕ? ಕೆರೆಯ ದಡದ ಸಿಮೆಂಟಿನ ಇಳಿಜಾರಿನಲ್ಲಿ ಅವಳು ಕಾರನ್ನು ಹಿಮ್ಮುಖ ಬಿಟ್ಟು, ಟ್ರೇಲರಿನ ಚಕ್ರ ನೀರಿನಲ್ಲಿ ಮುಳುಗುವ ತನಕ ಸಲೀಸಾಗಿ ಇಳಿಸುತ್ತಿದ್ದಳು. ಫ್ರೇಮಣ್ಣ ಸುಮ್ಮನಿದ್ದಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಅವನು ಹಿಂದೆ ನಿಂತು ಎರಡೂ ಕೈ ಎತ್ತಿ ಮಾರ್ಗದರ್ಶನ ಮಾಡತೊಡಗಿದ.

"ಎಡಕ್ಕೆ, ಎಡಕ್ಕೆ!"

"ನಿಮ್ಮ ಎಡನಾ, ನನ್ನ ಎಡನಾ?"

"ಟ್ರೇಲರಿನ ಎಡ."

"ಅದು ಯಾವ ಕಡೆ ಮುಖ ಮಾಡಿದೆ ಅಂತ ಲೆಕ್ಕ?"

ಫ್ರೇಮಣ್ಣ ಯೋಚಿಸಿದ. ಟ್ರೇಲರ್ ನೋಡುತ್ತಿದ್ದದ್ದು ಕಾರಿನ ಕಡೆ, ಹೋಗುತ್ತಿದ್ದದ್ದು ಕೆರೆಯ ಕಡೆ, ಅವನು ನೋಡುತ್ತಿದ್ದದ್ದು ಹೆಂಡತಿಯ ಕಡೆ. ಎಡ ಯಾವುದು ಬಲ ಯಾವುದು ಎಂದು ಅವನಿಗೇ ತಲೆಬುಡ ತಿಳಿಯದೆ, ಎರಡೂ ಕೈಯನ್ನು ಎರಡೂ ಕಡೆಗೆ ತೋರಿಸಿದ. ಹೆಂಡತಿ ಕಿಟಕಿಯ ಗಾಜು ಏರಿಸಿಕೊಂಡು ತನಗೆ ಬೇಕಾದ ಕಡೆ ತಿರುಗಿಸಿದಳು. ಟ್ರೇಲರ್ ನೆಟ್ಟಗೆ ಹೋಗಿ ನೀರಲ್ಲಿ ನಿಂತಿತು.

ಈಗ ಬೋಟು. ಫ್ರೇಮಣ್ಣ ತೊಡೆಮಟ್ಟ ನೀರಿಗಿಳಿದು ಅದನ್ನು ಟ್ರೇಲರ್ ಮೇಲಕ್ಕೆ ತೇಲಿಸಿಕೊಂಡು ಬಂದ. ಟ್ರೇಲರಿನ ಮುಂಭಾಗದಲ್ಲಿ ಒಂದು ಗಿಡ್ಡ ಕಂಬ. ಕಂಬದಲ್ಲಿ ಕೈಯಿಂದ ತಿರುಗಿಸುವ ಚಕ್ರ, ಚಕ್ರಕ್ಕೆ ಸುತ್ತಿದ ಪಟ್ಟಿ. ಪಟ್ಟಿಯ ಕೊಕ್ಕೆಯನ್ನು ಬೋಟಿನ ಮೂಗಿಗೆ ಸಿಕ್ಕಿಸಿ ಚಕ್ರ ತಿರುಗಿಸಿದರೆ ಬೋಟು ಮುಂದಕ್ಕೆ ಬರುತ್ತದೆ. ಕಂಬದ ಮೇಲೊಂದು ರಬ್ಬರಿನ ದಿಂಡು ಇತ್ತು, ನಡುವೆ ಸವೆದು ಬಟ್ಟಲಿನ ಹಾಗೆ ಹಳ್ಳ ಬಿದ್ದದ್ದು. ಅದು ಯಾಕಿದೆ ಎಂದು ಫ್ರೇಮಣ್ಣನಿಗೆ ಅರ್ಥವಾಗಲಿಲ್ಲ. ಮಾವ ಕಾಫಿ ಲೋಟ ಇಡಲು ಮಾಡಿಸಿಕೊಂಡಿರಬೇಕು ಎಂದು ತೀರ್ಮಾನಿಸಿ, ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿ ಅಲ್ಲಿಟ್ಟ. ಲೋಟ ಚೆನ್ನಾಗಿ ಕೂತಿತು. ಎಂಥ ದೂರದೃಷ್ಟಿ ಮಾವನದು ಎಂದು ಮೆಚ್ಚಿಕೊಂಡ.

ಒಂದೆರಡು ಸುತ್ತು ತಿರುಗಿಸಿ ಅವನು ಚಕ್ರ ನಿಲ್ಲಿಸಿದ. ಬೋಟಿನ ಮೂಗಿಗೂ ಕಂಬಕ್ಕೂ ನಡುವೆ ಇನ್ನೂ ಒಂದೂವರೆ ಮೊಳ ಅಂತರವಿತ್ತು.

ಹೆಂಡತಿ ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಮುಂದೆ ಅಷ್ಟೊಂದು ಜಾಗ ಖಾಲಿ ಇದೆಯಲ್ಲ. ಮುಂದಕ್ಕೆ ತಗೊಳ್ಳಿ. ದಿನಾ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ."

"ಇದು ಬಸ್ಸಲ್ಲ ಕಣೇ. ಇದಕ್ಕೊಂದು ಶಾಸ್ತ್ರ ಇದೆ. ಟ್ರೇಲರಿನ ಚಕ್ರಕ್ಕೆ ಎಷ್ಟು ಅಚ್ಚು?"

"ಒಂದು."

"ಚಿತ್ರಕ್ಕೆ ಎಷ್ಟು ಮೊಳೆ?"

"ನನಗೇನು ಗೊತ್ತು?"

"ಒಂದು. ಆ ಒಂದು ಮೊಳೆ ಎಲ್ಲಿ ಬರಬೇಕು? ನಡುಮಧ್ಯ. ಅಚ್ಚು ಅನ್ನೋದು ಮೊಳೆ, ಬೋಟು ಅನ್ನೋದು ಚಿತ್ರ. ಬೋಟಿನ ನಡುಮಧ್ಯ ಅಚ್ಚಿನ ಮೇಲೆ ಬಂದ್ರೆ ತೂಕ ಎರಡೂ ಕಡೆ ಸಮ. ಇಷ್ಟು ಸಣ್ಣ ವಿಷಯ ಯಾರಿಗೂ ಹೊಳೆದಿಲ್ಲವಲ್ಲ."

ಹೆಂಡತಿ ಗಲಿಬಿಲಿಗೊಂಡಳು. ಮಾತು ಸರಿಯಿದ್ದ ಹಾಗೂ ಇತ್ತು, ಎಲ್ಲೋ ಎಡವಟ್ಟಿದ್ದ ಹಾಗೂ ಇತ್ತು. "ಬೋಟಿನ ನಡುಮಧ್ಯ ಯಾವುದು?" ಎಂದಷ್ಟೇ ಕೇಳಿದಳು. ಫ್ರೇಮಣ್ಣ ಅಳತೆಯ ಟೇಪು ಹಿಡಿದು ಮೂಗಿನಿಂದ ಹಿಂಬದಿಯವರೆಗೆ ಅಳೆದು, ಸರಿಯಾಗಿ ಅರ್ಧಕ್ಕೆ ಒಂದು ಬಿಳಿ ಪಟ್ಟಿ ಅಂಟಿಸಿದ. ಆಮೇಲೆ ಅಚ್ಚು ಎಲ್ಲಿದೆ ಎಂದು ನೋಡಬೇಕಿತ್ತು. ಅದು ಕೆಸರು ನೀರಿನ ಅಡಿಯಲ್ಲಿತ್ತು. ಒಂಟಿಕಾಲಲ್ಲಿ ನಿಂತು ಇನ್ನೊಂದು ಕಾಲಿನ ಹೆಬ್ಬೆರಳಿಂದ ತಡಕಾಡಿ ಅಚ್ಚನ್ನು ಪತ್ತೆಹಚ್ಚಿದ. ಬೋಟನ್ನು ಇನ್ನೂ ನಾಲ್ಕು ಬೆರಳು ಹಿಂದಕ್ಕೆ ತಳ್ಳಿ, ಬಿಳಿ ಪಟ್ಟಿಯನ್ನು ಹೆಬ್ಬೆರಳಿಗೆ ನೇರ ಮಾಡಿ, ಬಿಗಿದು ಕಟ್ಟಿದ.

"ಹಿಂದೆ ಆ ಎಂಜಿನ್ ಜೋತಾಡ್ತಾ ಇದೆಯಲ್ಲ" ಎಂದರು ಡಾಕ್ಟರು ದಡದಿಂದ.

"ಅಳತೆಗೆ ಎಂಜಿನ್ ಸೇರಲ್ಲ. ಚಿತ್ರ ಅಳೆಯೋವಾಗ ಹಿಂದಿನ ದಾರ ಅಳೀತಾರಾ?"

ಫ್ರೇಮಣ್ಣ ಗೆದ್ದೆ ಎಂದುಕೊಂಡ. ಹೆಂಡತಿ ಕಾರನ್ನು ನಿಧಾನ ಮೇಲಕ್ಕೆ ಎಳೆಯುತ್ತಿದ್ದ ಹಾಗೆ ಬೋಟು ನೀರು ಸುರಿಸುತ್ತ ಎದ್ದು ಬಂತು. ಅವನು ಅಲ್ಲೇ ನಿಲ್ಲಿಸು ಎಂದು ಕೂಗಿ, ಬೋಟಿನ ಅಂಚಿನ ಮೇಲೆ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿದ. ಗುಳ್ಳೆ ಸರ್ರನೆ ಒಂದು ತುದಿಗೆ ಓಡಿ ಅಲ್ಲೇ ಬಿಡಾರ ಹೂಡಿತು. ಅವನು ಕಕ್ಕಾಬಿಕ್ಕಿಯಾದ. ರಸಮಟ್ಟ ತಿರುಗಿಸಿಟ್ಟ. ಗುಳ್ಳೆ ಮತ್ತೆ ಅದೇ ಕಡೆಗೆ ಓಡಿತು. ಕೊಡವಿ ನೋಡಿದ, ಕಿವಿಯ ಹತ್ತಿರ ಹಿಡಿದು ನೋಡಿದ.

"ಇನ್ನೂ ಇಳಿಜಾರಲ್ಲೇ ಇದೀವಿ ರೀ" ಎಂದಳು ಹೆಂಡತಿ.

"ಗೊತ್ತು. ಇಳಿಜಾರು ಸರಿಯಾಗಿದೆಯಾ ಅಂತ ನೋಡ್ದೆ."

ರಸ್ತೆ ಸೇರಿದ ಮೇಲೆ ಮೊದಲು ಎಡವಟ್ಟು ಗಮನಿಸಿದವರು ಹಲ್ಲಿನ ಡಾಕ್ಟರೇ. ಹಿಂದಿನಿಂದ ಹಾರ್ನ್ ಹೊಡೆದು, ಪಕ್ಕಕ್ಕೆ ಬಂದು, "ನಿಮ್ಮ ಕಾರು ತುದಿಗಾಲಲ್ಲಿ ನಿಂತಿದೆ, ಯಾಕೆ?" ಎಂದು ಕೇಳಿ ಮತ್ತೆ ಹಿಂದಕ್ಕೆ ಹೋದರು. ನಿಜಕ್ಕೂ ಕಾರಿನ ಹಿಂಭಾಗವನ್ನು ಯಾರೋ ಮೇಲಕ್ಕೆ ಎತ್ತಿ ಹಿಡಿದ ಹಾಗಿತ್ತು. ಸ್ವಲ್ಪ ವೇಗ ಹೆಚ್ಚಿಸಿದ್ದೇ ತಡ, ಟ್ರೇಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೊಂಟ ಕುಣಿಸತೊಡಗಿತು. ಅದರ ಜೊತೆಗೇ ಕಾರೂ ಕುಣಿಯಿತು. ಕಾರಿನೊಳಗೆ ಫ್ರೇಮಣ್ಣನೂ ಕುಣಿದ.

ಹೆಂಡತಿ ವೇಗ ಇಳಿಸಿ ರಸ್ತೆಬದಿಗೆ ನಿಲ್ಲಿಸಿದಳು. "ಹಿಂದೆ ಇಷ್ಟು ಗಲಾಟೆ ಆದ್ರೆ ನಾನು ಬಸ್ಸೇ ಮುಂದಕ್ಕೆ ಬಿಡಲ್ಲ. ಇದು ಯಾಕೆ ಹೀಗಾಡ್ತಿದೆ?"

ಯಾಕೆ ಎಂದು ಫ್ರೇಮಣ್ಣನಿಗೂ ಅರ್ಥವಾಗಲಿಲ್ಲ. ಇಳಿದು ಹೋಗಿ ಬಿಳಿ ಪಟ್ಟಿ ನೋಡಿದ. ಅಚ್ಚಿನ ಮೇಲೆ ಕೂದಲೆಳೆಯೂ ಆಚೀಚೆ ಇರಲಿಲ್ಲ. "ಎಲ್ಲಾ ನಡುಮಧ್ಯ ಇದೆ. ಬಹುಶಃ ಗಾಳಿ" ಎಂದ. ಎದುರಿನ ಮರದ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಹೆಂಡತಿ ಮರ ನೋಡಿದಳು, ಗಂಡನನ್ನು ನೋಡಿದಳು.

"ಕಾರಿನ ಹಿಂಭಾಗಕ್ಕೆ ಭಾರ ಬೇಕು. ನೀವು ಹಿಂದಿನ ಸೀಟಿಗೆ ಹೋಗಿ."

ಹಿಂದಿನ ಸೀಟಿಗೆ ಹೋದ. ಸ್ವಲ್ಪ ವಾಸಿ ಅನ್ನಿಸಿತು, ಆದರೂ ಕುಣಿತ ನಿಲ್ಲಲಿಲ್ಲ. ಹೆಂಡತಿ ಮತ್ತೆ ನಿಲ್ಲಿಸಿ, ಕನ್ನಡಿಯಲ್ಲಿ ಅವನ ಕಣ್ಣು ನೋಡಿ, "ಇನ್ನೂ ಹಿಂದೆ ಸರೀರಿ" ಎಂದಳು.

"ಇನ್ನೂ ಹಿಂದೆ ಅಂದ್ರೆ ಸಾಮಾನು ಇಡೋ ಜಾಗ."

"ಅದೇ."

ಹೀಗೆ ಫ್ರೇಮಣ್ಣ ಕಾರಿನ ಡಿಕ್ಕಿಯಲ್ಲಿ, ಬಾಗಿಲು ಮೇಲಕ್ಕೆತ್ತಿ, ಕಾಲು ಹೊರಗೆ ಇಳಿಬಿಟ್ಟು, ಬೋಟಿಗೆ ಎದುರಾಗಿ ಕೂತು ಊರು ಪ್ರವೇಶ ಮಾಡಿದ. ಹೆಂಡತಿ ನಡೆದಷ್ಟೇ ನಿಧಾನವಾಗಿ ಓಡಿಸುತ್ತಿದ್ದಳು. ಹಿಂದೆ ವಾಹನಗಳ ಸಾಲು ಬೆಳೆಯಿತು, ಹಾರ್ನುಗಳು ಮೊಳಗಿದವು. ಸೈಕಲ್ಲಿನ ಮುದುಕರೊಬ್ಬರು ಅವನನ್ನು ದಾಟಿ ಮುಂದೆ ಹೋಗುವಾಗ, "ಬೋಟು ಓಡಿಹೋಗದ ಹಾಗೆ ಕಾವಲಾ?" ಎಂದು ಮರುಕದಿಂದ ವಿಚಾರಿಸಿದರು. ಅವನು ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ರಸಮಟ್ಟದ ಗುಳ್ಳೆಯನ್ನೇ ನೋಡುತ್ತ ಕೂತ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಪ್ರಶ್ನೆ: ನಡುಮಧ್ಯ ಇದ್ದರೂ ಯಾಕೆ ಹೀಗೆ?

ಮಾವನ ಅಂಗಳಕ್ಕೆ ತಲುಪಿದಾಗ ಅವನಿಗೆ ಹೋದ ಜೀವ ಬಂದಂತಾಯಿತು. ಬೋಟು ಬಿದ್ದಿಲ್ಲ, ಗೀರು ಬಿದ್ದಿಲ್ಲ, ಸೊಟ್ಟಗಾಗಿಲ್ಲ. ಇನ್ನು ಶೆಡ್ಡಿನ ಬಾಗಿಲು ಕಿರಿದು, ಕಾರು ಹೋಗುವುದಿಲ್ಲ. ಟ್ರೇಲರನ್ನು ಕಾರಿನಿಂದ ಬಿಡಿಸಿ ಕೈಯಲ್ಲಿ ತಳ್ಳಬೇಕು, ಅಷ್ಟೆ. ಮಾವ ಹೊರಗೆ ಬರುವ ಮೊದಲೇ ಬಿಡಿಸಿ ನಿಲ್ಲಿಸಿದರೆ ಗಾಂಭೀರ್ಯ ಇರುತ್ತದೆ ಎಂದು ಅವನು ಬಗ್ಗಿ ಟ್ರೇಲರಿನ ಮೂತಿಯ ಕೊಂಡಿ ಕಳಚಿದ. ಹೆಂಡತಿ ಕಾರನ್ನು ಮುಂದಕ್ಕೆ ತೆಗೆದಳು.

ಟ್ರೇಲರಿನ ಮೂತಿ ಮೆಲ್ಲನೆ ಮೇಲೇಳತೊಡಗಿತು.

ಫ್ರೇಮಣ್ಣ ಅದನ್ನು ಹಿಡಿದ. ಅದು ಅವನನ್ನೂ ಸೇರಿಸಿಕೊಂಡು ಎದ್ದಿತು. ಅವನು ತುದಿಗಾಲಲ್ಲಿ ನಿಂತ. ಇನ್ನು ಆಗುವುದಿಲ್ಲ ಎನ್ನಿಸಿದಾಗ ಜಿಗಿದು ಮೂತಿಯ ಮೇಲೆ ಹೊಟ್ಟೆ ಹಾಕಿ, ಹೇಗೋ ಹೊರಳಿ, ಕುದುರೆಯ ಮೇಲೆ ಕೂರುವ ಹಾಗೆ ಕೂತುಬಿಟ್ಟ. ಮೂತಿ ಇಳಿಯಿತು. ಸ್ವಲ್ಪ ಓಲಾಡಿ ನಿಂತಿತು. ಪವಾಡ ಎನ್ನಬೇಕು, ಅವನ ತೂಕಕ್ಕೂ ಎಂಜಿನ್ನಿನ ತೂಕಕ್ಕೂ ಸರಿಹೋಗಿತ್ತು.

"ಒಂದು ಕಲ್ಲೋ ಇಟ್ಟಿಗೆಯೋ ತಗೊಂಡು ಬಾ. ಬೇಗ" ಎಂದು ಹೆಂಡತಿಗೆ ಪಿಸುಗುಟ್ಟಿದ. ಅವಳು ಕಲ್ಲು ಹುಡುಕಲು ಮನೆಯ ಹಿಂದಕ್ಕೆ ಓಡಿದಳು. ಡಾಕ್ಟರು ಗೇಟಿನ ಹತ್ತಿರ ಕಾರು ನಿಲ್ಲಿಸಿ ಮೊಬೈಲ್ ಹೊರತೆಗೆದರು. ಆ ಹೊತ್ತಿಗೇ ಮುಂಬಾಗಿಲು ತೆರೆದು ಮಾವ ಊರುಗೋಲು ಊರಿಕೊಂಡು ಬಂದರು.

ಬಂದವರು ಬೋಟಿನ ಒಂದು ಪಕ್ಕವನ್ನು ಪೂರ್ತಿ ನೋಡಿದರು. ಕೈ ಚಾಚಿದರು. ಫ್ರೇಮಣ್ಣ ಕೂತಲ್ಲಿಂದಲೇ ರಸಮಟ್ಟ ಕೊಟ್ಟ. ಮಾವ ಅದನ್ನು ಚಕ್ರದ ನೇರಕ್ಕೆ ಬೋಟಿನ ಅಂಚಿನ ಮೇಲಿಟ್ಟು ಬಗ್ಗಿ ನೋಡಿದರು. ಗುಳ್ಳೆ ಅಷ್ಟಿಷ್ಟು ಓಡಾಡಿ, ನಡುಮಧ್ಯಕ್ಕೆ ಬಂದು, ಗಪ್ಪೆಂದು ನಿಂತಿತು. ಫ್ರೇಮಣ್ಣ ಉಸಿರು ಬಿಗಿಹಿಡಿದ, ಉಸಿರಿನ ತೂಕಕ್ಕೂ ಏನಾದರೂ ಆದೀತು ಎಂದು.

"ಹೂಂ" ಎಂದರು ಮಾವ. "ಸರಿಯಾಗಿದೆ."

ಎಷ್ಟು ವರ್ಷ ಕಾದಿದ್ದ ಮಾತು! ಫ್ರೇಮಣ್ಣನ ಎದೆ ತುಂಬಿ ಬಂತು, ಕಣ್ಣಲ್ಲಿ ನೀರಾಡಿತು. ಮಾವ ಕೈ ಕುಲುಕಲೆಂದು ಬಲಗೈ ಮುಂದೆ ಚಾಚಿದರು. ಹಿರಿಯರು ಕೈ ಚಾಚಿದಾಗ ಕೂತುಕೊಂಡೇ ಕೈ ಕೊಡುವುದು ಮರ್ಯಾದೆಯೇ? ಫ್ರೇಮಣ್ಣ ಗೌರವದಿಂದ ಎದ್ದು ನಿಂತ.

ಮುಂದಿನದು ಬಹಳ ಬೇಗ ನಡೆಯಿತು. ಮೂತಿ ದಿಗ್ಗನೆ ಆಕಾಶಕ್ಕೆ ಹೋಯಿತು, ಎಂಜಿನ್ ಧೊಪ್ಪೆಂದು ಮಾವನ ಹೂವಿನ ಪಾತಿಗೆ ಇಳಿಯಿತು, ಬೋಟಿನೊಳಗೆ ಉಳಿದಿದ್ದ ಕೆರೆಯ ನೀರೆಲ್ಲ ಹಿಂದಕ್ಕೆ ನುಗ್ಗಿ ಗಿಡಗಳಿಗೆ ಒಂದೇ ಸಲ ಸುರಿಯಿತು. ರಸಮಟ್ಟ ಜಾರಿ ಎಲ್ಲಿಗೋ ಹೋಯಿತು. ಬೋಟು ಮೂಗು ಮೇಲೆತ್ತಿ ನಿಂತಿತು, ಬಿಳಿ ಪಟ್ಟಿ ಮಾತ್ರ ಇನ್ನೂ ಅಚ್ಚಿನ ಮೇಲೆಯೇ ಇತ್ತು. ಕಲ್ಲು ಎತ್ತಿಕೊಂಡು ಬಂದ ಹೆಂಡತಿ ಅದನ್ನು ಹಿಡಿದುಕೊಂಡೇ ನಿಂತಳು.

"ನಡುಮಧ್ಯ ಇದೆ ಮಾವ" ಎಂದ ಫ್ರೇಮಣ್ಣ ತೊದಲುತ್ತ. "ಅಳೆದಿದೀನಿ. ಹೇಗೆ ಆಯ್ತು ಅಂತ ನನಗೇ ಗೊತ್ತಾಗ್ತಿಲ್ಲ."

ಮಾವ ಊರುಗೋಲಿನಿಂದ ಮೇಲೆ ಹೋಗಿದ್ದ ಕಂಬವನ್ನು ತೋರಿಸಿದರು. "ಅಲ್ಲಿ ರಬ್ಬರ್ ಇದೆ ನೋಡು. ಅದರ ಮಧ್ಯ ಹಳ್ಳ ಇದೆ. ಆ ಹಳ್ಳ ಹೇಗೆ ಬಿತ್ತು ಅಂತ ಯೋಚನೆ ಮಾಡಿದೆಯಾ?"

"ಕಾಫಿ ಲೋಟ ಇಟ್ಟು ಇಟ್ಟು ಅಂದ್ಕೊಂಡೆ."

ಮಾವ ಕಣ್ಣು ಮುಚ್ಚಿ ತೆರೆದರು. "ಬೋಟಿನ ಮೂಗು ಒತ್ತಿ ಒತ್ತಿ ಬಿದ್ದದ್ದು ಅದು. ಮೂಗು ಅಲ್ಲಿಗೆ ಮುಟ್ಟಬೇಕು. ಭಾರದ ಎಂಜಿನ್ ಹಿಂದೆ ಇದೆ ಅಂತ ತಾನೇ ಬೋಟನ್ನ ಮುಂದೆ ತಳ್ಳಿ ಕೂರಿಸೋದು. ಉದ್ದದ ನಡುಮಧ್ಯ ಬೇರೆ, ತೂಕದ ನಡುಮಧ್ಯ ಬೇರೆ."

"ಮುಂದೆ ಜಾಗ ಇದೆ, ಮುಂದಕ್ಕೆ ತಗೊಳ್ಳಿ ಅಂತ ನಾನು ಅಲ್ಲೇ ಹೇಳ್ದೆ ಅಪ್ಪ" ಎಂದಳು ಹೆಂಡತಿ ಕಲ್ಲು ಕೆಳಗಿಡುತ್ತ. "ಯಾಕೆ ಅಂತ ನನಗೂ ಗೊತ್ತಿರಲಿಲ್ಲ ಅನ್ನೋದು ಬೇರೆ ಮಾತು. ಬಾಯಿಗೆ ಅಭ್ಯಾಸ."

ಮಾವ ಮಗಳನ್ನು ನೋಡಿದರು, ಇಬ್ಬರು ಅಳಿಯಂದಿರನ್ನು ನೋಡಿದರು, ಪಾತಿಯಲ್ಲಿ ಮಲಗಿದ್ದ ಹೂಗಳನ್ನು ನೋಡಿದರು. "ಬೋಟು ಇವಳಿಗೆ" ಎಂದರು. "ಇದನ್ನ ಈ ಸ್ಥಿತಿಯಲ್ಲಿ ಇಲ್ಲಿವರೆಗೆ ಬೀಳಿಸದೆ ಓಡಿಸಿಕೊಂಡು ಬಂದಳಲ್ಲ, ಅವಳಿಗೆ ಸಲ್ಲಬೇಕು." ಫ್ರೇಮಣ್ಣನಿಗೆ ಸಂಕಟವಾಯಿತು. ಬೋಟು ತಮ್ಮ ಮನೆಗೇ ಬಂತಲ್ಲ ಎಂದು ಒಂದು ಮನಸ್ಸು ಸಮಾಧಾನ ಹೇಳಿತು. ಆ "ಸರಿಯಾಗಿದೆ" ಹೋಯಿತಲ್ಲ ಎಂದು ಇನ್ನೊಂದು ಮನಸ್ಸು ಗೋಳಾಡಿತು.

ಮುಂದಿನ ವಾರ ಮಾವನಿಂದ ಕರೆ ಬಂತು, ಒಂದು ಫೋಟೋಗೆ ಚೌಕಟ್ಟು ಬೇಕಂತೆ. ಮಾವ ತಾವಾಗಿ ಕೆಲಸ ಕೇಳಿದ್ದು ಅದೇ ಮೊದಲು. ಫ್ರೇಮಣ್ಣ ಅಂಗಡಿಯ ಅತಿ ಒಳ್ಳೆಯ ಮರ ಆರಿಸಿ ಕಾದು ಕೂತ. ಫೋಟೋ ತಂದುಕೊಟ್ಟವರು ಹಲ್ಲಿನ ಡಾಕ್ಟರು, ಮೂವತ್ತೆರಡೂ ಹಲ್ಲು ತೋರಿಸುತ್ತ. ನೋಡಿದರೆ ಟ್ರೇಲರಿನ ಮೂತಿಯ ಮೇಲೆ ಕುದುರೆ ಸವಾರನ ಹಾಗೆ, ಉಸಿರು ಬಿಗಿಹಿಡಿದು, ಕಣ್ಣು ಕಣ್ಣು ಬಿಡುತ್ತ ಕೂತಿರುವ ಅವನೇ! ಕೆಲಸ ಅಂದರೆ ಕೆಲಸ. ನಾಲ್ಕೂ ಕಡೆ ಅಂಚು ಸಮ ಮಾಡಿ, ಗಾಜು ಕೂರಿಸಿ, ಹಿಂದೆ ದಾರ ಕಟ್ಟಿ, ಹೆಂಡತಿಯ ಜೊತೆ ಹೋಗಿ ಒಪ್ಪಿಸಿದ.

ಮಾವ ಅದನ್ನು ತಾವೇ ಹಜಾರದ ಗೋಡೆಗೆ ತೂಗುಹಾಕಿದರು, ಕೆರೆಯ ಚಿತ್ರದ ಪಕ್ಕದಲ್ಲೇ. ಪಾತಿಯಲ್ಲಿ ಸಿಕ್ಕಿದ ರಸಮಟ್ಟವನ್ನು ಜೇಬಿನಿಂದ ತೆಗೆದು, ಚೌಕಟ್ಟಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಸರಿ ಮಾಡಿದರು. ಗುಳ್ಳೆ ನಡುಮಧ್ಯ ನಿಂತಿತು. ಪಕ್ಕದ ಕೆರೆ ಎಂದಿನಂತೆ ಬಲಕ್ಕೆ ಸುರಿಯುತ್ತಿತ್ತು.

ಫ್ರೇಮಣ್ಣನಿಗೆ ತಡೆಯಲಾಗಲಿಲ್ಲ. "ಮಾವ, ಇಷ್ಟು ನೆಟ್ಟಗೆ ಹಾಕೋಕೆ ಬರುತ್ತಲ್ಲ ನಿಮಗೆ. ಇಷ್ಟು ವರ್ಷ ಆ ಕೆರೆಯನ್ನ ಯಾಕೆ ಸೊಟ್ಟ ಮಾಡಿ ಇಡ್ತೀರಾ? ನನ್ನ ಕೆಲಸ ಇಷ್ಟ ಆಗ್ಲಿಲ್ವಾ?"

"ಕೆಲಸ ಬಹಳ ಚೆನ್ನಾಗಿದೆಯಪ್ಪ" ಎಂದರು ಮಾವ ಕುರ್ಚಿಯಲ್ಲಿ ಕೂರುತ್ತ. "ನೀನು ಬರ್ತೀಯ ಅಂತ ಗೊತ್ತಾದ ದಿನ ನಾನೇ ಒಂಚೂರು ವಾರೆ ಮಾಡಿ ಇಡ್ತೀನಿ. ಅದನ್ನ ನೆಟ್ಟಗೆ ಮಾಡ್ತಾ ನೀನು ಇಲ್ಲೇ ಇರ್ತೀಯ. ಇಲ್ಲದಿದ್ರೆ ಅಲ್ಲಿರೋದನ್ನೆಲ್ಲ ನೆಟ್ಟಗೆ ಮಾಡೋಕೆ ಸೀದಾ ನನ್ನ ಶೆಡ್ಡಿಗೆ ಹೋಗ್ತೀಯ."

ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತಳು, ಅವಳ ಭುಜ ಕುಲುಕುತ್ತಿತ್ತು. ಫ್ರೇಮಣ್ಣ ಶೆಡ್ಡಿನ ಕಡೆ ಒಮ್ಮೆ ನೋಡಿದ. ಆಮೇಲೆ ಹೋಗಿ, ಒಂದು ಕಣ್ಣು ಮುಚ್ಚಿ, ಕೆರೆಯನ್ನು ನೆಟ್ಟಗೆ ಮಾಡಿದ.